ಗೇರ್ ಎಣ್ಣೆಯ ಕೈ

ದೇವಕ್ಕ ಗಂಡನ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಸೀಗೆಪುಡಿ ಹಾಕಿ ಉಜ್ಜಿದಳು. ಕರಿ ಹೋಗಲಿಲ್ಲ. ಒಲೆಯ ಬೂದಿ ತಂದು ತಿಕ್ಕಿದಳು. ನೀರು ಕಪ್ಪಾಯಿತು, ಬೂದಿ ಕಪ್ಪಾಯಿತು, ಅವಳ ಬೆರಳುಗಳೂ ಕಪ್ಪಾದವು. ರಾಮಲಿಂಗಪ್ಪನ ಅಂಗೈಯ ಗೆರೆಗಳಲ್ಲಿ ಕೂತಿದ್ದ ಗೇರ್ ಎಣ್ಣೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಲಗೂ ಮಾಡವ್ವಾ," ಎಂದರು ಮಠದ ಅಯ್ಯನವರು. "ಕೈ ಬಿಗಿಯೂದ್ರೊಳಗ ಲಿಂಗ ಇಡಬೇಕು. ಆಮ್ಯಾಲ ಬೆರಳ ಮಡಚೂದಿಲ್ಲ."

ರಾಮಲಿಂಗಪ್ಪ ಅಂದು ಮುಂಜಾನೆ ಮನೋಳಿ ಬಸ್ ಸ್ಟ್ಯಾಂಡಿನ ಹತ್ತಿರದ ತನ್ನ ಗ್ಯಾರೇಜಿನಲ್ಲಿ, ಯಾರದೋ ಮೋಟರ್‌ಸೈಕಲ್ಲಿನ ಹಳೆಯ ಎಣ್ಣೆ ಇಳಿಸುತ್ತ ಕೂತವನು ಹಾಗೇ ಗಾಲಿಗೆ ಒರಗಿಬಿಟ್ಟಿದ್ದ. ಎದೆ ನಿಂತಿತ್ತು. ಈಗ ಮೈ ತೊಳೆದು, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಎಲ್ಲ ಸಜ್ಜಾಗಿತ್ತು. ಕೈಗಳೆರಡು ಮಾತ್ರ ಕರಿ ಹಂಚಿನ ತಳದಂತಿದ್ದವು; ಇಷ್ಟಲಿಂಗ ಹಿಡಿದು ಮಣ್ಣಿಗೆ ಹೋಗಬೇಕಾದದ್ದು ಎಡಗೈ.

ಮದುವೆಯ ಹೊಸದನ್ನು ಬಿಟ್ಟರೆ ಈ ಕೈಯನ್ನು ದೇವಕ್ಕ ಕಪ್ಪಾಗಿ ಕಂಡೇ ಇರಲಿಲ್ಲ. ದಿನಾ ಸಂಜೆ ಅವನು ಗ್ಯಾರೇಜಿನಲ್ಲೇ ತೊಳೆದುಕೊಂಡು, ಬೀಗರ ಊಟಕ್ಕೆ ಹೊರಟವನಂತೆ ಮನೆಗೆ ಬರುತ್ತಿದ್ದ. ಹೇಗೆ ತೊಳೆಯುತ್ತಿದ್ದನೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಹೊರಗೆ ಕಟ್ಟೆಯ ಮೇಲೆ ಕೂತಿದ್ದ: ಗ್ಯಾರೇಜಿನ ಪಾಲುದಾರ ಮೆಹಬೂಬಸಾಬ. ಅವನನ್ನು ಕೇಳುವುದಕ್ಕಿಂತ ಬಾವಿ ಬೀಳುವುದು ಲೇಸು ಎಂದುಕೊಂಡಳು ದೇವಕ್ಕ.

ಹೊರಗಿನ ಮಾತು ಕಿಟಕಿಯಿಂದ ಒಳಗೆ ಬರುತ್ತಿತ್ತು.

"ಈಗ ಬಂದಿರೋ ಗಾಡಿಗೆ ಇಂಜಿನ್ನಿಗೂ ಗೇರಿಗೂ ಒಂದ ಎಣ್ಣಿ. ಏನ ತಿಳೀಲಾರದಾಂವನೂ ಹಾಕತಾನ," ಎನ್ನುತ್ತಿದ್ದ ಹಳೆಯ ಗಿರಾಕಿ ಉಳವಪ್ಪ. "ಆವಾಗ ಹಂಗಿತ್ತೇನ್ರಿ? ಈ ಇಬ್ಬರೂ ಕೂಡಿ ಎಣ್ಣಿ ಆರಸೂದ ನೋಡಬೇಕಿತ್ತು. ಬೆರಳಾಗ ತಿಕ್ಕಿ, ಮೂಸಿ, ವಾದಾ ಹಾಕಿ... ಹೆಣ್ಣ ನೋಡಾಕ ಹೋದವರು ಸುದ್ದಾ ಅಷ್ಟ ನೋಡೂದಿಲ್ಲ. ಒಂದ ಜೀವ ಎರಡ ದೇಹ."

"ಗಂಡಾ ಹೇಂತಿ ಇದ್ದಂಗ ಇದ್ರು ನೋಡ್ರಿ," ಎಂದರು ಇನ್ನೊಬ್ಬರು.

ದೇವಕ್ಕ ಬೂದಿಯ ಬಟ್ಟಲನ್ನು ಠಕ್ಕನೆ ಕೆಳಗಿಟ್ಟಳು.

*

ತೊಂಬತ್ತೆರಡರ ಮಾತು. ನವಿಲುತೀರ್ಥದ ಡ್ಯಾಮಿನ ಬಾಗಿಲು ತೆರೆಯುತ್ತಾರೆಂದು ಊರೆಲ್ಲ ಸುದ್ದಿ. ಹೊಸ ಮದುವಣಗಿತ್ತಿ ದೇವಕ್ಕ ಬುತ್ತಿ ಕಟ್ಟಿಕೊಂಡಳು. ಯಾವ ಸೀರೆ ಉಡಲಿ ಎಂದು ಕೇಳಿದರೆ ರಾಮಲಿಂಗಪ್ಪ ತಲೆಯನ್ನೂ ಎತ್ತದೆ, "ಯಾವದಾರ ಉಟಗೋ, ಎಲ್ಲಾ ಛಲೋನ ಅದಾವ," ಎಂದಿದ್ದ.

ದಾರಿಯಲ್ಲಿ ಮೋಟರ್‌ಸೈಕಲ್ಲಿನ ಗೇರು ಕಟಕಟ ಎಂದಿತು. ಅಷ್ಟೇ ಸಾಕಾಯಿತು, ಗಾಡಿ ಗ್ಯಾರೇಜಿಗೆ ತಿರುಗಿತು. ಪಾಲುದಾರರಿಬ್ಬರೂ ಹಳೆಯ ಎಣ್ಣೆಯನ್ನು ತಾಟಿಗೆ ಇಳಿಸಿ, ಬಿಸಿಲಿಗೆ ಹಿಡಿದು, ಬೆರಳಲ್ಲಿ ಎಳೆ ತೆಗೆದು ನೋಡಿದರು. ತಿಳಿಯಾದ ಥರ್ಟಿ ನಂಬರ್ ಹಾಕಬೇಕೆಂದು ಮೆಹಬೂಬಸಾಬ. ನಮ್ಮದು ಬಿಸಿಲಿನ ಊರು, ಇನ್ನೂ ದಪ್ಪನೆಯ ಫಾರ್ಟಿ ಬೇಕೆಂದು ರಾಮಲಿಂಗಪ್ಪ. ಒಂದನ್ನು ಹಾಕಿ ಸುತ್ತು ಹೊಡೆದು ಬಂದರು, ಬಸಿದು ಮತ್ತೊಂದನ್ನು ಹಾಕಿದರು. ದೇವಕ್ಕ ಹಳೆಯ ಟಾಯರಿನ ಮೇಲೆ ಸೆರಗು ಹೊದ್ದು ಕೂತೇ ಇದ್ದಳು. ಡ್ಯಾಮಿನ ನೀರು ನೋಡಿದವರು ವಾಪಸ್ಸು ಬಂದು ಚಹಾ ಕುಡಿಯುತ್ತಿದ್ದಾಗ ಗೇರು ಸರಿಯಾಗಿತ್ತು. ಅವಳ ಬುತ್ತಿಯ ಎಣಗಾಯಿಯನ್ನು ಅರ್ಧಕ್ಕೂ ಹೆಚ್ಚು ತಿಂದವನು ಮೆಹಬೂಬಸಾಬ.

ಅಂದು ಹೊತ್ತಿದ ಕಿಚ್ಚು ಆರಲಿಲ್ಲ. ನಿಜವಾದ ಸವತಿಯಾಗಿದ್ದರೆ ಜಡೆ ಹಿಡಿದಾದರೂ ಜಗಳಾಡಬಹುದಿತ್ತು. ಈ ಸವತಿಗೆ ಗಡ್ಡವಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ರಾಮಲಿಂಗಪ್ಪ ಜಗಳಕ್ಕೂ ಸಿಗುತ್ತಿರಲಿಲ್ಲ, ಉಣ್ಣುತ್ತಲೇ ತೂಕಡಿಸುತ್ತಿದ್ದ. ಅವನ ಮಾತೆಲ್ಲ ಗ್ಯಾರೇಜಿನಲ್ಲೇ ಖರ್ಚಾಗಿ ಬರುತ್ತದೆ, ತನಗೆ ಬರುವುದು ಬರಿದಾದ ಡಬ್ಬಿ ಎಂದು ದೇವಕ್ಕ ನಂಬಿದ್ದಳು.

*

"ಸೀಮಿಎಣ್ಣಿ ಹಚ್ಚೂಣೇನ್ ವೈನಿ?" ಎಂದಳು ಸುರೇಬಾನದಿಂದ ಬಂದಿದ್ದ ನಾದಿನಿ ಕೃಷ್ಣವ್ವ.

"ಲಿಂಗಾ ಹಿಡಿಯೂ ಕೈಗೆ ಆ ವಾಸನಿ ಬ್ಯಾಡವಾ," ಎಂದರು ಅಯ್ಯನವರು.

ಎಣ್ಣೆಗೆ ಎಣ್ಣೆಯೇ ಮದ್ದು ಎನ್ನಿಸಿತು ದೇವಕ್ಕನಿಗೆ. ಹಿತ್ತಲ ಮಾಡಿನಡಿ ಗಂಡನ ಗೇರ್ ಎಣ್ಣೆಯ ಡಬ್ಬಿಗಳಿದ್ದವು. ಒಂದೊಂದನ್ನೇ ಅಲ್ಲಾಡಿಸಿ, ಎಲ್ಲಕ್ಕಿಂತ ದಪ್ಪನೆಯದನ್ನು ತಂದಳು. ದಪ್ಪ ಇದ್ದದ್ದು ಗಟ್ಟಿ ಕೆಲಸ ಮಾಡೀತು ಎಂಬ ಲೆಕ್ಕ. ಸುರಿದು ಉಜ್ಜಿದರೆ ಇದ್ದ ಕರಿ ಮಣಿಕಟ್ಟಿನವರೆಗೂ ಹರಡಿ ಮೆತ್ತಿಕೊಂಡಿತು.

"ಅಯ್ಯ, ಡಾಂಬರ ಬಡದಂಗ ಆತಲ್ಲ! ಮೆಹಬೂಬಸಾಬ್ರ ಇಲ್ಲೇ ಅದಾರ, ಒಂದ ಮಾತ ಕೇಳಬಾರದಾ?" ಎಂದಳು ಕೃಷ್ಣವ್ವ.

"ನನ್ನ ಗಂಡನ ಕೈ ತೊಳ್ಯಾಕ ನಾ ಅವನ್ನ ಕೇಳಬೇಕೇನ?"

ಅಯ್ಯನವರು ರಾಮಲಿಂಗಪ್ಪನ ಕಿರುಬೆರಳನ್ನು ಮಡಚಿ ನೋಡಿದರು. ಅದು ಆಗಲೇ ಸ್ವಲ್ಪ ಹಟ ಹಿಡಿದಿತ್ತು. ಅವರು ದೇವಕ್ಕನ ಮುಖ ನೋಡಿದರು. ಅವಳು ಎದ್ದು ಬಾಗಿಲಿಗೆ ಹೋದಳು. ಇಷ್ಟು ವರ್ಷದಲ್ಲಿ ಮೆಹಬೂಬಸಾಬನನ್ನು ತಾನಾಗಿ ಮಾತಾಡಿಸಿದ್ದು ಅದೇ ಮೊದಲು.

"ಸಾಬ್ರ, ಅವರು ಕೈ ಹೆಂಗ ತೊಳ್ಕೋತಿದ್ರು?"

ಮೆಹಬೂಬಸಾಬ ಹೊಸಿಲಿನ ಆಚೆಯೇ ನಿಂತ. ಅತ್ತು ಅತ್ತು ಕಣ್ಣು ಊದಿದ್ದವು. ಅವಳ ಕೈಯ ಡಬ್ಬಿ ನೋಡಿದ್ದೇ ಆ ದುಃಖದಲ್ಲೂ ನಾಲಿಗೆ ಲೊಚಗುಟ್ಟಿಸಿದ.

"ನೈಂಟಿ ನಂಬರ್ ಹಾಕೀರೇನು? ಎಲ್ಲಾರೂ ಇದ ತಪ್ಪ ಮಾಡತಾರವ್ವಾ. ದಪ್ಪ ಎಣ್ಣಿ ಲಾರಿಗೆ. ಗಾಡಿ ಗೇರಿನ್ಯಾಗ ಕ್ಲಚ್ ಪ್ಲೇಟನೂ ಮುಣಗಿರತಾವು, ಸಂದಿ ಸಂದಿಗೆ ಇಳಿಯೂವಂಥಾ ತಿಳಿ ಎಣ್ಣಿ ಬೇಕು. ಕೈಗೂ ಅದ. ಥರ್ಟಿ ತರ್ರಿ. ಸುರುವಿ ಹಂಗ ಬಿಡ್ರಿ, ಕರೇದು ತಾನ ಸಡ್ಲ ಆಗತೈತಿ. ಹತ್ತಿ ಅರಿವೀಲೆ ಒರಸ್ರಿ. ಆಮ್ಯಾಲ ಕಡ್ಲಿಹಿಟ್ಟು ಹಚ್ರಿ."

ದೇವಕ್ಕ ಗಂಡನ ಎರಡೂ ಕೈಗೆ ತಿಳಿ ಎಣ್ಣೆ ಸುರಿದಳು. ಕಾದಳು. ಎಡಗೈ ಒರೆಸಿದಾಗ ಗೆರೆ ಗೆರೆಯಾಗಿ ಅಂಗೈ ಕಾಣಿಸಿಕೊಂಡಿತು. ಅವಳಿಗೆ ನಿರಾಳವಾಗಲಿಲ್ಲ, ಉರಿಯಿತು. ಈ ಕೈ ತೊಳೆಯುವ ಬಗೆಯನ್ನೂ ಆ ಮನುಷ್ಯನ ಬಾಯಿಂದಲೇ ಕೇಳಬೇಕಾಯಿತಲ್ಲ.

"ದಿನಾ ದೀಪಾ ಹಚ್ಚೂ ಹೊತ್ತಿಗೆ ಹಿಂಗ ಕುಂದರತಿದ್ದ," ಎಂದ ಮೆಹಬೂಬಸಾಬ, ಹೊಸಿಲಾಚೆಯಿಂದ, ಯಾರಿಗೋ ಹೇಳುವವನಂತೆ. "ಗಿರಾಕಿ ನಿಂತಿರಲಿ, ಮಾತು ಅರ್ಧಾ ಇರಲಿ, ಎದ್ದಬಿಡಾಂವ. ಹೊಸದಾಗಿ ಲಗ್ನಾ ಆದಾಗ ನೀವು ಕೈ ವಾಸನಿ ಬರತೈತಿ ಅಂದಿದ್ರಂತ. 'ದೇವಿಗೆ ಆಗೂದಿಲ್ಲೋ' ಅಂತಿದ್ದ. ಉಗುರಿನ ಸಂದಿ ತನಕಾ ತೊಳ್ಕೊಂಡು ಓಡಾಂವ. ಖರೇನ ಹೇಳತೇನಿ, ನನಗ ಹೊಟ್ಟಿ ಉರೀತಿತ್ತವ್ವಾ."

ದೇವಕ್ಕನ ಕೈ ನಿಂತಿತು. ಹೌದು, ಅಂದಿದ್ದಳು; ಯಾವುದೋ ರಾತ್ರಿ, ಮೂಗು ಮುಚ್ಚಿಕೊಂಡು, ತಮಾಷೆಗೆ. ಅವನು ಸುಮ್ಮನೆ ಮಗ್ಗುಲಾಗಿದ್ದ. ಅವಳು ಮರೆತೇಬಿಟ್ಟಿದ್ದಳು. ಹಾಗಾದರೆ ಇಷ್ಟು ಕಾಲ ಈ ಮನುಷ್ಯ ಅತ್ತ ಕೂತು ತನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದನೇ! ಸಾವಿನ ಮನೆಯೆಂಬ ನಾಚಿಕೆಯೂ ಇಲ್ಲದೆ ಅವಳಿಗೆ ಸಂತೋಷವಾಯಿತು. ಗೆದ್ದೆ ಎನ್ನಿಸಿತು. ಅದರ ಬೆನ್ನಿಗೇ, ಬೆಳಗಿನಿಂದ ಬಾರದಿದ್ದ ಅಳು ಬಂತು.

ಕಡಲೆಹಿಟ್ಟಿನಲ್ಲಿ ತೊಳೆದ ಎಡಗೈಯಲ್ಲಿ ಅಯ್ಯನವರು ಲಿಂಗವಿಟ್ಟು ಬೆರಳು ಮುಚ್ಚಿದರು. ಕೃಷ್ಣವ್ವ ಬಲಗೈ ಒರೆಸಲು ಅರಿವೆ ಎತ್ತಿಕೊಂಡಳು. ದೇವಕ್ಕ ಅವಳನ್ನು ತಡೆದಳು.

"ಅದು ಹಂಗ ಇರ್ಲಿ. ಅದು ಗ್ಯಾರೇಜಿಂದು."

ಮೆಹಬೂಬಸಾಬ ಮುಖ ಆಚೆ ತಿರುಗಿಸಿದ. ಗೆದ್ದವರಿಗೆ ಧಾರಾಳ ಬರುವುದು ಸುಲಭ. ಆ ಗಳಿಗೆ ದೇವಕ್ಕನಿಗೂ ಬಂದಿತ್ತು.

ಮಧ್ಯಾಹ್ನ ಹೆಣ ಕೂರಿಸಿದ ವಿಮಾನ ಹೆಗಲ ಮೇಲೆ ಎದ್ದಿತು. ಹೂವಿನ ನಡುವೆ ರಾಮಲಿಂಗಪ್ಪ ಕೂತಿದ್ದ. ಬಲಗಡೆ ಮುಂದೆ ಹೆಗಲು ಕೊಟ್ಟವನು ಮೆಹಬೂಬಸಾಬ, ಮೈಮೇಲೆ ಶುಕ್ರವಾರದ ನಮಾಜಿನ ಬಿಳಿ ಅಂಗಿ. ಅಂಗಳ ಇಳಿಯುವಾಗ ವಿಮಾನ ಓಲಿತು. ಹೂವಿನ ಸರದಿಂದ ಬಲಗೈ ಜಾರಿ ಕೆಳಗೆ ಬಂತು, ಮೆಹಬೂಬಸಾಬನ ಬೆನ್ನ ಮೇಲೆ ಬಿದ್ದು, ಹೆಜ್ಜೆಗೊಮ್ಮೆ ತೂಗುತ್ತ ಸವರಿತು.

"ಸಾಬ್ರ, ಅಂಗಿ ಹೊಲಸ ಆತು," ಎಂದ ಉಳವಪ್ಪ.

"ಇರ್ಲಿ ಬಿಡೋ," ಎಂದ ಮೆಹಬೂಬಸಾಬ.

ದೇವಕ್ಕ ಹೊಸಿಲಲ್ಲಿ ನಿಂತು ನೋಡಿದಳು. ಬಿಳಿ ಅಂಗಿಯ ಮೇಲೆ ಐದು ಬೆರಳು ಕರ‍್ರಗೆ ಮೂಡಿದ್ದವು, ಸಂತೆಯಲ್ಲಿ ಜತೆಗಾರನ ಬೆನ್ನು ಚಪ್ಪರಿಸಿದಂತೆ. ಬಟ್ಟೆಗೆ ಹತ್ತಿದ ಆ ಎಣ್ಣೆ ಯಾವ ಸಾಬೂನಿಗೂ ಹೋಗುವುದಲ್ಲ. ಅವಳು ತನ್ನ ಎರಡೂ ಕೈ ಮಗುಚಿ ಮಗುಚಿ ನೋಡಿಕೊಂಡಳು. ಕಡಲೆಹಿಟ್ಟು ಕೆಲಸ ಮಾಡಿತ್ತು. ಉಗುರಿನ ಸಂದಿಯಲ್ಲೂ ಅವನ ಕಪ್ಪು ಒಂದು ಚೂರೂ ಉಳಿದಿರಲಿಲ್ಲ.