ಕಸದ ಗುಡ್ಡೆಯ ನಿವಾಸಿಗಳು

ಬಲಗಾಲಿನ ರಬ್ಬರ್ ಬೂಟನ್ನು ತೊಳೆದು ಗೋಡೆಗೆ ಒರಗಿಸಿ, ಎಡಗಾಲಿನದನ್ನು ಕವುಚಿ ತಟ್ಟುತ್ತಿದ್ದೆ. ಬಚ್ಚಲಿನ ಕಲ್ಲಿನ ಮೇಲೆ ಕೆಸರಿನ ಜೊತೆ ಏನೋ ಬಿತ್ತು. ಯಾರದೋ ಅಂಗಿಯ ಗುಂಡಿ ಇರಬೇಕೆಂದುಕೊಂಡು ಮೇಲೊಂದು ಮಗ್ಗು ನೀರು ಸುರಿದೆ. ಗುಂಡಿ ಛಂಗನೆ ಹಾರಿ ಸೋಪಿನ ಡಬ್ಬಿಯ ಮೇಲೆ ಕೂತಿತು.

"ಅಯ್ಯೋ, ನೀನು ಯಾವಾಗ ಬಂದೆ?" ಎಂದೆ.

"ಅತ್ತೆ, ಯಾರ ಹತ್ರ ಮಾತಾಡ್ತಿದೀರಾ?" ಅಡುಗೆಮನೆಯಿಂದ ಸೊಸೆ ಕೂಗಿದಳು.

"ಕಪ್ಪೆ ಹತ್ರ."

"ಸರಿಹೋಯ್ತು. ಅದೇನನ್ನುತ್ತೆ?"

"ಬಂದು ನೋಡೇ ಮಾರಾಯ್ತಿ."

ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತೆವು. ನನ್ನ ಕಿರುಬೆರಳಿನ ಉಗುರಿನಷ್ಟಿದ್ದ ಮರಿ. ಗಂಟಲು ಪಟಪಟ ಬಡಿದುಕೊಳ್ಳುತ್ತಿತ್ತು. ಹಿಂದೆ ಬಾಲದ ಮೊಟಕು ತುಂಡೊಂದು ಇನ್ನೂ ಉಳಿದಿತ್ತು. ಸೊಸೆ ನಗಲಿಲ್ಲ. ಇಂಥದ್ದೊಂದು ಮರಿಗಾಗಿ ನಾವು ಮಳೆಗಾಲವೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೆವು.

ಬಸ್ ಡಿಪೋದ ಹಿಂದೆ ಒಂದು ಕೊಳವಿದೆ. ಹಳೆಯ ಟೈರು, ಬಾಟಲಿ, ಎಂಜಿನ್ ಎಣ್ಣೆ ಎಲ್ಲ ಸೇರಿ ಅದು ಕೊಳ ಎನ್ನುವುದೇ ಮರೆತುಹೋಗಿತ್ತು. ಮಕ್ಕಳ ಆಸ್ಪತ್ರೆಯ ನರ್ಸ್ ಒಬ್ಬರು ಭಾನುವಾರ ಭಾನುವಾರ ಬಂದವರನ್ನು ಸೇರಿಸಿಕೊಂಡು ಅದನ್ನು ತೆರವು ಮಾಡತೊಡಗಿದರು. ಅವರನ್ನು ನಾವೆಲ್ಲ ಸಿಸ್ಟರ್ ಎನ್ನುತ್ತೇವೆ. ಡಿಪೋದಲ್ಲಿ ನಿವೃತ್ತನಾದ ಮೆಕ್ಯಾನಿಕ್ ಸೇರಿಕೊಂಡ. ಡಿಪೋದ ಕಿಟಕಿಯಲ್ಲಿ ಪಾಸು ಕೊಡುವ ನನ್ನ ಸೊಸೆ ಸೇರಿಕೊಂಡಳು. ಅವಳ ಬೆನ್ನಿಗೆ ನಾನು. ಬದುಕೆಲ್ಲ ಬಟ್ಟೆ ಹೊಲಿದವಳು. ಈಗ ಸೂಜಿಯ ಕಣ್ಣು ನನಗೆ ಕಾಣುವುದಿಲ್ಲ. ಕಳೆ ಸೂಜಿಗಿಂತ ದೊಡ್ಡದು, ಕಾಣುತ್ತದೆ.

ನಗರಸಭೆಗೆ ಆ ಜಾಗ ಬಸ್ಸು ನಿಲ್ಲಿಸಲು ಬೇಕಾಗಿತ್ತು. ಅಲ್ಲಿನ ಎಂಜಿನಿಯರ್ ಕೆಟ್ಟ ಮನುಷ್ಯನೇನಲ್ಲ. "ಏನಾದರೂ ಜೀವ ಮರಳಿ ಬಂದು ನೆಲೆ ನಿಂತಿದ್ದರೆ ಈ ತಿಂಗಳೊಳಗೆ ನನಗೆ ಬರೆದು ತಿಳಿಸಿ, ನಾನೇ ಬಂದು ನೋಡುತ್ತೇನೆ. ಇಲ್ಲದಿದ್ದರೆ ಮಣ್ಣು ಹಾಕಿಸುತ್ತೇನೆ" ಎಂದಿದ್ದ. ಸಿಸ್ಟರ್ ಪತ್ರವನ್ನು ಅಂದೇ ಬರೆದಿದ್ದರು. ಯಾವ ಜೀವ ಎನ್ನುವ ಕಡೆ ಮಾತ್ರ ಒಂದು ಸಾಲು ಖಾಲಿ. ಆ ಪತ್ರ ಅವರ ಕೈಚೀಲದಲ್ಲೇ ಮಡಿಕೆ ಸವೆಯುತ್ತ ಉಳಿಯಿತು. ಯಾಕೆಂದರೆ ಗೊದಮೊಟ್ಟೆಗಳೇನೋ ನೀರು ಕಪ್ಪಾಗುವಷ್ಟು ಹುಟ್ಟಿದವು, ಕಾಲೂ ಬಂತು, ಆಮೇಲೆ ಒಂದೂ ಇಲ್ಲ! ಹಕ್ಕಿ ತಿಂದಿರಬೇಕು ಎಂದ ಮೆಕ್ಯಾನಿಕ್. ಎಣ್ಣೆಗೆ ಸತ್ತಿರಬೇಕು ಎಂದಳು ಸೊಸೆ. ಸತ್ತದ್ದೂ ಕಾಣಲಿಲ್ಲವಲ್ಲ ಎನ್ನುವುದು ನನ್ನ ತಲೆ ಕೊರೆಯುತ್ತಿತ್ತು.

ಅಂದು ಬೆಳಿಗ್ಗೆಯೂ ಮೆಕ್ಯಾನಿಕ್ ಅದೇ ರಾಗ ಎಳೆದಿದ್ದ. "ಕಪ್ಪೆ ಇದೆ ಅಂತ ಬರೆದು ಬಿಸಾಕಿ ಸಿಸ್ಟರ್. ನಾಳೆಗೆ ತಿಂಗಳು ಮುಗೀತು."

"ನೋಡದೇ ಇರೋ ಜ್ವರಾನ ಚಾರ್ಟಲ್ಲಿ ಬರೀತಾರೇನ್ರೀ?" ಎಂದಿದ್ದರು ಸಿಸ್ಟರ್. ಹೋಗುವಾಗ ನೀರಿನ ಕಡೆ ತಿರುಗಿ ನೋಡಲೂ ಇಲ್ಲ.

ಈಗ ಮರಿ ನಮ್ಮ ಸೋಪಿನ ಡಬ್ಬಿಯ ಮೇಲೆ ಕೂತಿದೆ.

"ನೀರಿಗಿಳಿದಾಗ ಬೂಟಿನೊಳಗೆ ಹೊಕ್ಕಿರುತ್ತೆ" ಎಂದಳು ಸೊಸೆ.

"ಇವತ್ತು ನಾನು ನೀರಿಗೇ ಇಳಿದಿಲ್ವಲ್ಲೇ."

"ಮತ್ತೆ ಎಲ್ಲಿದ್ರಿ?"

"ಕಸದ ಗುಡ್ಡೆ ಮೇಲೆ. ತುಳಿದು ತುಳಿದು ತಗ್ಗು ಮಾಡ್ತಾ ಇದ್ದೆ."

ಕಿತ್ತ ಜೊಂಡು, ಪಾಚಿ, ಒದ್ದೆ ಎಲೆ ಎಲ್ಲವನ್ನೂ ನಾವು ದಡದ ಮೇಲೆ ಗುಡ್ಡೆ ಹಾಕುತ್ತೇವೆ. ಸೋಮವಾರ ಬೆಳಗಾದರೆ ನಗರಸಭೆಯ ಲಾರಿ ಬಂದು ಗುಡಿಸಿ ಗುಂಡಾಂತರ ಮಾಡಿಕೊಂಡು ಹೋಗುತ್ತದೆ. ವಾರ ವಾರವೂ.

ಸೊಸೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅವಳು ಫೋನು ಹಿಡಿದಳು; ನಾನು ಮಗ್ಗಿಗೆ ಒಂದು ಒದ್ದೆ ಎಲೆ ಹಾಕಿ ಅತಿಥಿಯನ್ನು ಕೂರಿಸಿದೆ.

ಮಧ್ಯಾಹ್ನದ ಬಿಸಿಲಿನಲ್ಲಿ ನಾಲ್ವರೂ ಗುಡ್ಡೆಯ ಸುತ್ತ ಮಂಡಿಯೂರಿದೆವು. ಸಲಿಕೆ ಬೇಡ, ಕೈಯಲ್ಲೇ ಬಿಡಿಸೋಣ ಎಂದರು ಸಿಸ್ಟರ್. ಮೇಲಿನ ಪದರ ಒಣಗಿ ಚರಚರ ಎನ್ನುತ್ತಿತ್ತು. ಕೆಳಗೆ ಎರೆಹುಳು, ಬಸವನಹುಳು, ಕಾಲು ಎಣಿಸಲಾಗದ ಒಂದು ಹುಳು.

"ಅಕ್ಕಾ, ಅದು ನಿಮ್ಮ ಬಚ್ಚಲಿನದೇ ಸಂಸಾರ ಇರಬೇಕು" ಎಂದ ಮೆಕ್ಯಾನಿಕ್. "ಸುಮ್ನೆ ನನ್ನ ನಿದ್ದೆ ಕೆಡಿಸಿದ್ರಿ."

"ನೀನು ಎದ್ದಿದ್ದಾಗ ಮಾಡೋ ಘನಕಾರ್ಯ ನಾ ಕಾಣೆನಾ? ಆ ಕಡೆ ಎತ್ತಪ್ಪ."

ಅವನು ಎತ್ತಿದ. ಅಡಿಯಲ್ಲಿ ಎಲೆಗಳು ಕೊಳೆತು ಬೆಚ್ಚಗೆ, ತೇವವಾಗಿ, ಕತ್ತಲಾಗಿದ್ದ ಕಡೆ ನೆಲವೇ ಅಲ್ಲಾಡಿದಂತಾಯಿತು. ಟಪ್ ಎಂದು ಒಂದು. ಅದರ ಹಿಂದೆ ಇನ್ನೊಂದು. ಆಮೇಲೆ ಕಾಳು ಚೆಲ್ಲಿದ ಹಾಗೆ ನಾಲ್ಕೂ ದಿಕ್ಕಿಗೆ. ಮೆಕ್ಯಾನಿಕ್ ಕೈಯಲ್ಲಿದ್ದ ಕಳೆಯನ್ನು ಕೂಸಿಗೆ ಹೊದಿಸುವಂತೆ ಮೆತ್ತಗೆ ಮೊದಲಿನ ಹಾಗೇ ಮುಚ್ಚಿಬಿಟ್ಟ. ನಾನೂ ಮಗ್ಗನ್ನು ಅಲ್ಲೇ ಓರೆ ಮಾಡಿ ಅತಿಥಿಯನ್ನು ಇಳಿಸಿದೆ.

ಸಿಸ್ಟರ್ ಕೆಸರೆನ್ನದೆ ಹಾಗೇ ಕೂತುಬಿಟ್ಟರು. "ಅಂದ್ರೆ ಇಷ್ಟು ದಿನ..."

"ಲಾರಿ ತುಂಬಾ ಕಳಿಸಿದೀವಿ" ಎಂದ ಮೆಕ್ಯಾನಿಕ್.

"ಪಾಸೂ ಇಲ್ಲದೆ" ಎಂದಳು ಸೊಸೆ. ನಗೆಯೋ ಅಳುವೋ ತಿಳಿಯದ ದನಿ.

ನಾನು ದಡ ನೋಡುತ್ತಿದ್ದೆ. ಮೆಕ್ಯಾನಿಕ್‌ಗೆ ಅದರ ಮೇಲೆ ಬಹಳ ಅಭಿಮಾನ. ಒಂದು ಹುಲ್ಲುಕಡ್ಡಿ ಇಲ್ಲದಂತೆ ಕೆರೆದು, ಬಡಿದು, ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಮಾಡಿಟ್ಟಿದ್ದ. ಈಗ ತಾನೆ ಕಾಲು ಬಂದ ಮರಿ ನೀರಿನಿಂದ ಮೇಲೆ ಬಂದು ತಲೆ ಎತ್ತಿದರೆ ಏನಿದೆ? ಮೇಲೆ ಸುಡುವ ಬಿಸಿಲು, ಕೆಳಗೆ ಬೋಳು ನೆಲ. ನೆರಳೂ ತೇವವೂ ಇದ್ದದ್ದು ನಮ್ಮ ಕಸದಲ್ಲೊಂದೇ. ಪಾಪ, ಇನ್ನೆಲ್ಲಿಗೆ ಹೋದಾವು?

ಹಾಗೆಂದು ಹೇಳಿದೆ. ಮೆಕ್ಯಾನಿಕ್ ದಡದ ಕಡೆ ನೋಡಿ, "ಗ್ಯಾರೇಜ್ ನೆಲ ಮಾಡಿದ ಹಾಗೆ ಮಾಡ್ಬಿಟ್ನಲ್ಲ" ಎಂದ.

ಸಿಸ್ಟರ್ ಕೈ ಒರೆಸಿಕೊಂಡು ಚೀಲದಿಂದ ಪತ್ರ ತೆಗೆದರು. ಖಾಲಿ ಸಾಲಿನಲ್ಲಿ ಕಪ್ಪೆಗಳು ಎಂದು ಬರೆದರು. ಅಲ್ಲಿಗೆ ಪೆನ್ನು ನಿಂತಿತು.

"ಅಷ್ಟು ಸಾಕು, ಲಕೋಟೆಗೆ ಹಾಕಿ ಅಂಟಿಸಿ" ಎಂದ ಮೆಕ್ಯಾನಿಕ್. "ನಮ್ಮ ಪೆದ್ದುತನಾನ ನಾವೇ ಬರೆದು ಕೊಟ್ರೆ, ಇಂಥವರ ಕೈಗೆ ಕೊಳ ಯಾಕೆ ಅಂದುಬಿಡ್ತಾರೆ."

ಸಿಸ್ಟರ್‌ಗೂ ಅದೇ ಅಳುಕು. "ನಮ್ಮ ವಾರ್ಡಲ್ಲಾದ್ರೆ ತಪ್ಪು ಬರೆದುಕೊಟ್ಟ ಮೇಲೆ ವಿಚಾರಣೆ ಶುರುವಾಗುತ್ತಮ್ಮಾ" ಎಂದು ನನ್ನ ಕಡೆ ತಿರುಗಿದರು. ಆ ಕೊಳ ಅವರ ಮಗುವಿದ್ದ ಹಾಗೆ. ಒಂದು ಸಾಲಿನಿಂದ ಅದು ಹೋದರೆ?

"ಬರೀದೇ ಇದ್ರೆ ಅವ್ರು ಬಂದು ಎಲ್ಲಿ ನೋಡ್ತಾರೆ?" ಎಂದು ಕೇಳಿದೆ. "ನೀರಿನ ಹತ್ರ ನಿಂತು ನೋಡ್ತಾರೆ. ಅಲ್ಲೇನಿದೆ? ನಾವು ಇಷ್ಟು ದಿನ ಕಂಡದ್ದೇ, ಏನೂ ಇಲ್ಲ. ನಾಳೆ ಲಾರಿಯನ್ನ ನಾವು ತಡೀಬಹುದು. ಮುಂದಿನ ಸೋಮವಾರ? ಲಾರಿ ಕಳಿಸೋರು ಅವರೇ ಅಲ್ವಾ? ಯಾಕೆ ಬೇಡ ಅಂತ ಹೇಳಬೇಕಲ್ಲ ತಾಯಿ."

ಡಿಪೋದಲ್ಲಿ ಬಸ್ಸೊಂದು ಹಿಂದಕ್ಕೆ ಚಲಿಸುವ ಸದ್ದು.

ಸಿಸ್ಟರ್ ಮಂಡಿಯ ಮೇಲೆ ಹಾಳೆ ಇಟ್ಟು ಬರೆದು, ಗಟ್ಟಿಯಾಗಿ ಓದಿದರು: "ಮರಿಗಳು ನೀರಿನಲ್ಲಿಲ್ಲ, ದಡದ ಕಸದಲ್ಲಿವೆ. ತಿಳಿಯದೆ ನಾವೇ ವಾರ ವಾರವೂ ಅವುಗಳನ್ನು ಕಸದೊಂದಿಗೆ ಕಳಿಸಿದ್ದೇವೆ. ದಯವಿಟ್ಟು ಇನ್ನು ಲಾರಿ ಕಳಿಸಬೇಡಿ. ನೋಡಲು ಬಂದಾಗ ಮೆಲ್ಲನೆ ಕಾಲಿಡಿ."

"ಮೆಲ್ಲನೆ ಅನ್ನೋದರ ಅಡಿಗೆ ಗೀಟು ಹಾಕಿ" ಎಂದ ಮೆಕ್ಯಾನಿಕ್. "ಬೆಳಿಗ್ಗೆ ಲಾರಿಗೆ ಅಡ್ಡ ನಿಲ್ಲೋದು ನಂಗೆ ಬಿಡಿ."

ಮೆತ್ತಿದ ಕೆಸರಿನಲ್ಲೇ ನಗರಸಭೆಗೆ ನಡೆದೆವು. ಭಾನುವಾರ, ಕಬ್ಬಿಣದ ಬಾಗಿಲು ಹಾಕಿತ್ತು. ಬಾಗಿಲ ನಡುವೆ ಕಾಗದ ಹಾಕುವ ಸೀಳು. ಸಿಸ್ಟರ್ ಲಕೋಟೆಯನ್ನು ಅರ್ಧ ತೂರಿಸಿ ಹಿಡಿದುಕೊಂಡೇ ನಿಂತರು.

"ಅಮ್ಮಾ, ಬಂದು ನೋಡಿ ನಕ್ಕುಬಿಟ್ರೆ?"

"ನಗಲಿ ಬಿಡಿ. ಬಂದು ನೋಡ್ತಾರಲ್ಲ."

ಅವರು ಬೆರಳು ಸಡಿಲಿಸಿದರು. ಬಾಗಿಲ ಆಚೆ ಲಕೋಟೆ ನೆಲಕ್ಕೆ ಬಿದ್ದದ್ದು ನಾಲ್ವರಿಗೂ ಕೇಳಿಸಿತು.