ದಾರಿಯಲ್ಲಿ ಬೇಡವಾದ ಪೆಟ್ಟಿಗೆ

ಪಾಪಮ್ಮನಿಗೆ ಆ ಮಾತನ್ನು ನಾನೇ ಹೇಳಬೇಕಿತ್ತು. ಹೇಳಲು ಒಂದೂವರೆ ದಿನ ಸಿಕ್ಕಿತ್ತು. ಹೇಳಲಿಲ್ಲ.

೧೯೩೬ರ ಡಿಸೆಂಬರ್ ಇಪ್ಪತ್ತಮೂರರ ಬೆಳಿಗ್ಗೆ ಬಾಳೂರು ಕಡೆಯ ನಮ್ಮ ಕಾಫಿ ಎಸ್ಟೇಟಿನಿಂದ ಇಂಗ್ಲಿಷ್ ದೊರೆಯ ಕಾರು ಚಿಕ್ಕಮಗಳೂರಿಗೆ ಹೊರಟಿತು. ದೊರೆ, ದೊರೆಸಾನಿ ಇಬ್ಬರೂ ಎರಡು ದಿನ ಮೊದಲೇ ಹೋಗಿ ಪ್ಲಾಂಟರುಗಳ ಕ್ಲಬ್ಬಿನಲ್ಲಿ ಇಳಿದುಕೊಂಡಿದ್ದರು. ಕಾರಿನಲ್ಲಿ ಇದ್ದವರು ಡ್ರೈವರ್ ಚಿಕ್ಕಯ್ಯ, ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರಾದ ನಾನು, ದೊರೆಯ ಏಳು ವರ್ಷದ ಮಗಳು, ಅವಳ ಆಯಾ ಪಾಪಮ್ಮ. ಹುಡುಗಿಯ ಹೆಸರು ಡೊರೋತಿ. ನಮಗೆಲ್ಲ ಬೇಬಿಯಮ್ಮ. ಕಾರಿನ ಹಿಂದೆ ಹಗ್ಗದಲ್ಲಿ ಬಿಗಿದ ಹೊಸ ತಗಡಿನ ಪೆಟ್ಟಿಗೆ ಇತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಇಂಗ್ಲಿಷ್ ಅಕ್ಷರ ಬರೆಯುವುದಕ್ಕೆಂದೇ ನನ್ನನ್ನು ಕರೆಸಿದ್ದರು. ನನ್ನ ಕೈಬರಹ ಚೆನ್ನಾಗಿತ್ತು.

"ಚಿಕ್ಕಯ್ಯ, ನಿನ್ನ ಮೀಸೆಗೆ ಹತ್ತಿ ಅಂಟಿಸಿದ್ರೆ ನೀನೇ ಕ್ರಿಸ್‌ಮಸ್ ತಾತ" ಎಂದಳು ಹುಡುಗಿ. ಅವಳ ಕನ್ನಡ ಅಪ್ಪಟ ಕೂಲಿಯವರ ಲೈನುಮನೆಯ ಕನ್ನಡ.

"ಹತ್ತಿ ಅಂಟಿಸ್ಬೋದು. ಆ ಹೊಟ್ಟೆ ಎಲ್ಲಿಂದ ತರ್ಲಿ, ಬೇಬಿಯಮ್ಮ?"

"ಅಪ್ಪನ್ ಹತ್ರ ಇಸ್ಕೋ."

ಪಾಪಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಗಂಡ ಮಲೇರಿಯಾದಲ್ಲಿ ಸತ್ತ ಮೇಲೆ ಅವಳು ಲೈನಿನಿಂದ ಬಂಗಲೆಗೆ ಬಂದವಳು. ಆಗ ಈ ಮಗುವಿಗೆ ಎಂಟು ದಿನ. ಅಂದಿನಿಂದ ಮಗು ಅವಳ ಪಕ್ಕದಲ್ಲೇ ಮಲಗಿದೆ.

ಮೂಡಿಗೆರೆ ದಾಟುವಾಗ ಪಾಪಮ್ಮ ನನಗೆ ಹೇಳಿದಳು: "ಹದಿಮೂರು ಮೊಟ್ಟೆ ಇಟ್ಟು ಕೋಳಿ ಕಾವಿಗೆ ಕೂರ್ಸಿದ್ದೀನಿ, ರೈಟ್ರೇ. ಹೊಸ ವರ್ಷಕ್ಕೆ ಸರಿಯಾಗಿ ಮರಿ ಆಗ್ತಾವೆ. ಅಷ್ಟೊತ್ತಿಗೆ ಮನೆಗೆ ವಾಪಸ್ ಬಂದಿರ್ತೀವಲ್ಲ. ಬೇಬಿಯಮ್ಮಂಗೆ ಮೊಟ್ಟೆ ಒಡೆಯೋದು ನೋಡ್ಬೇಕಂತೆ."

ನಾನು ಚಿಕ್ಕಯ್ಯನ ಮುಖ ನೋಡಿದೆ. ಅವನು ರಸ್ತೆ ನೋಡಿದ. ಇಪ್ಪತ್ತೆಂಟಕ್ಕೆ ಕಡೂರಿನಲ್ಲಿ ರೈಲು, ಬೊಂಬಾಯಿಯಲ್ಲಿ ಹಡಗು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ರೈಲಿನ ಸೀಟಿಗೆ ಕಾಗದ ಬರೆದವನು ನಾನೇ. ತಾಯಿ ಮಗಳಿಗೆ ಎರಡು ಸೀಟು. ಹುಡುಗಿ ಇಂಗ್ಲೆಂಡಿನ ಶಾಲೆ ಸೇರುತ್ತಾಳೆ. ಬಂದರೆ ಹತ್ತು ವರ್ಷದ ಮೇಲೆ.

ಮುಂದೆ ಒಂದು ಕಡೆ ಎಂಜಿನ್ನಿಗೆ ನೀರು ಹಾಕಲು ನಿಂತಾಗ ನಾನು ಚಿಕ್ಕಯ್ಯನಿಗೆ ಪಿಸುಗುಟ್ಟಿದೆ: "ಇವಳಿಗೆ ಯಾರೂ ಹೇಳೇ ಇಲ್ವಲ್ಲೋ."

"ಹಬ್ಬ ಒಂದು ಮುಗೀಲಿ, ಮಾರಾಯ್ರೆ. ಈಗ್ಲೇ ಯಾಕೆ ಅಳಿಸ್ತೀರಿ?"

ಆ ಮಾತು ನನಗೆ ಅನುಕೂಲವಾಗಿತ್ತು. ಒಪ್ಪಿಕೊಂಡೆ.

ಮಧ್ಯಾಹ್ನ ದೊರೆಸಾನಿಯ ಜೊತೆ ಪೇಟೆಗೆ ಹೋದೆವು. ಬಣ್ಣದ ಕಾಗದ, ಮೇಣದ ಬತ್ತಿ, ಬೆಲೂನು, ಕೇಕಿಗೆ ಒಣದ್ರಾಕ್ಷಿ. ಅಂಗಡಿಯವನು ಕ್ರಿಸ್‌ಮಸ್ ಮರಕ್ಕೆ ಕಟ್ಟುವ ಗಾಜಿನ ಗುಂಡುಗಳನ್ನು ಹತ್ತಿಯಿಂದ ಒಂದೊಂದಾಗಿ ಬಿಡಿಸಿ ತೋರಿಸಿದ. ಹುಡುಗಿ ಕೆಂಪು ಗುಂಡನ್ನು ಪಾಪಮ್ಮನ ಕಿವಿಗೆ ಹಿಡಿದು, "ಓಲೆ, ಓಲೆ!" ಎಂದು ಕುಣಿದಳು. ಪಾಪಮ್ಮ ನಾಚಿಕೊಂಡರೂ ಅಂಗಡಿಯ ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡಳು.

ದೊರೆಸಾನಿ ಹುಡುಗಿಗೆ ಕೇಳದ ಹಾಗೆ ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು: "ಎಷ್ಟು ಗಟ್ಟಿ ಹೆಂಗಸು ನೋಡಿ. ಕ್ರಿಸ್‌ಮಸ್ ಆದ ಮೇಲೆ ಬೇಬಿ ಹೋಮ್‌ಗೆ ಹೋಗುತ್ತಾಳೆ ಅಂತ ತಿಂಗಳ ಹಿಂದೆಯೇ ಹೇಳಿದೆ. ಹೂಂ ಅಂದಳು, ಅಷ್ಟೇ. ಒಂದು ಹನಿ ಕಣ್ಣೀರಿಲ್ಲ. ನಿಮ್ಮ ಜನಕ್ಕೆ ಇಂಥದ್ದು ತಟ್ಟುವುದಿಲ್ಲವೇನೋ. ಬೇಬಿಗೆ ಮಾತ್ರ ಹಬ್ಬ ಮುಗಿಯುವ ತನಕ ಗೊತ್ತಾಗಬಾರದು."

ಹೋಮ್! ಏಳು ವರ್ಷದಿಂದ ದಿನಾ ಸಂಜೆ ಬಂಗಲೆಯ ಜಗಲಿಯಲ್ಲಿ ನಿಂತು ದೊರೆಸಾನಿ "ಕಮ್ ಹೋಮ್" ಎಂದು ಕೂಗುತ್ತಿದ್ದರು. ಪಾಪಮ್ಮ ಮಗುವಿನ ಕೈಹಿಡಿದು ಬಂಗಲೆಗೆ ಬರುತ್ತಿದ್ದಳು. ಅವಳು ಕಲಿತ ಹೋಮ್ ಅದೊಂದೇ. ಪ್ಲಾಂಟರುಗಳ ಬಾಯಲ್ಲಿ ಆ ಪದಕ್ಕೆ ಇಂಗ್ಲೆಂಡ್ ಎಂಬ ಅರ್ಥವೂ ಇದೆ ಎಂದು ಅವಳಿಗೆ ಹೇಳಿಕೊಟ್ಟವರಿಲ್ಲ. ಹಬ್ಬ ಮುಗಿಸಿ ಬಂಗಲೆಗೆ ವಾಪಸ್ ಹೋಗುವುದಕ್ಕೆ ಹೂಂ ಎನ್ನದೆ ಇನ್ನೇನು ಅನ್ನುತ್ತಾಳೆ?

ಅದನ್ನು ದೊರೆಸಾನಿಗೆ ಆಗಲೇ ಬಿಡಿಸಿ ಹೇಳಬಹುದಿತ್ತು. ನಾನು "ಯೆಸ್ ಮೇಡಂ" ಎಂದೆ.

ಮಾರನೆಯ ಮಧ್ಯಾಹ್ನ ಕ್ಲಬ್ಬಿನ ಹಿಂದಿನ ಜಗಲಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಬಣ್ಣದ ಡಬ್ಬಿ ತೆರೆದೆ. ಒಳಗೆ ಮರಕ್ಕೆ ಗಾಜಿನ ಗುಂಡು ಕಟ್ಟುತ್ತಿದ್ದರು. ಮಕ್ಕಳ ಗಲಾಟೆ ಕೇಳುತ್ತಿತ್ತು. ಹೆಸರು ಬರೆದೆ. ಅದರ ಕೆಳಗೆ ದೊರೆಸಾನಿ ಚೀಟಿಯಲ್ಲಿ ಕೊಟ್ಟಿದ್ದ ಸಾಲು ಬರೆದೆ: ನಾಟ್ ವಾಂಟೆಡ್ ಆನ್ ವಾಯೇಜ್.

ಇಸ್ತ್ರಿ ಮಾಡಿದ ಫ್ರಾಕು ಹಿಡಿದು ಬಂದ ಪಾಪಮ್ಮ ನಿಂತು ನೋಡಿದಳು. "ಬೇಬಿಯಮ್ಮನ ಹೆಸರು ಇಷ್ಟುದ್ದ ಉಂಟಾ, ರೈಟ್ರೇ?"

"ಮೇಲಿಂದು ಹೆಸರು."

"ಕೆಳಗಿಂದು?"

"ದಾರೀಲಿ ಬೇಡದ್ದು ಅಂತ."

"ಬಾಳೂರಿಗೆ ಹೋಗೋ ದಾರೀಲಿ ಪೆಟ್ಟಿಗೆ ಬಿಚ್ಚೋರು ಯಾರು?" ನಕ್ಕಳು. ನಾನು ನಗಲಿಲ್ಲ. ಅವಳ ನಗು ನಿಧಾನವಾಗಿ ನಿಂತಿತು. "ಯಾವ ದಾರಿ, ರೈಟ್ರೇ?"

ಹೇಳಿದೆ. ರೈಲು, ಹಡಗು, ಶಾಲೆ, ಹತ್ತು ವರ್ಷ. ಹಡಗಿನಲ್ಲಿ ಬಿಚ್ಚಬೇಕಾಗಿಲ್ಲದ ಪೆಟ್ಟಿಗೆಯನ್ನು ತಳದಲ್ಲಿ ಹಾಕುತ್ತಾರೆ, ಅದಕ್ಕೇ ಹೀಗೆ ಬರೆಯುತ್ತಾರೆ ಎಂದೂ ಹೇಳಿದೆ. ಅದು ಬೇಕಿರಲಿಲ್ಲ.

"ನಾನು?"

"ಇಲ್ಲ."

ಅವಳು ಅಕ್ಷರದ ಮೇಲೆ ಬೆರಳಿಟ್ಟಳು. ಬಣ್ಣ ಹಸಿ ಇತ್ತು. ಬೆರಳ ತುದಿ ಬಿಳಿಯಾಯಿತು. "ಅಮ್ಮಾವ್ರು ನಂಗೆ ಹೋಮ್ ಅಂತ ಹೇಳಿದ್ರಲ್ಲ. ನಾನೇ ಹೂಂ ಅಂದ್ನಲ್ಲ" ಎಂದಳು. ಅಳಲಿಲ್ಲ. ಫ್ರಾಕಿಗೆ ಬಣ್ಣ ತಾಗದ ಹಾಗೆ ಆ ಕೈಯನ್ನು ದೂರ ಹಿಡಿದುಕೊಂಡು ಒಳಗೆ ಹೋದಳು.

ನಾಲ್ಕು ಗಂಟೆಗೆ ಮಕ್ಕಳ ಪಾರ್ಟಿ. ಹತ್ತಿಯ ಗಡ್ಡದ ಕ್ರಿಸ್‌ಮಸ್ ತಾತ ಎತ್ತಿನಗಾಡಿಯಲ್ಲಿ ಬಂದ. ಯಾವುದೋ ಎಸ್ಟೇಟಿನ ಮ್ಯಾನೇಜರು. ಆಯಾಗಳು ಜಗಲಿಯ ಅಂಚಿನಲ್ಲಿ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಪಾಪಮ್ಮನೂ ತಟ್ಟಿದಳು. ಬೇಬಿಯಮ್ಮನಿಗೆ ಕೀಲಿ ಕೊಟ್ಟರೆ ಕುಪ್ಪಳಿಸುವ ತಗಡಿನ ಕೋಳಿಮರಿ ಸಿಕ್ಕಿತು. ಅದನ್ನು ಹಿಡಿದುಕೊಂಡು ಅವಳು ಸೀದಾ ಪಾಪಮ್ಮನ ಹತ್ತಿರ ಓಡಿಬಂದಳು.

"ಪಾಪಮ್ಮ, ನೋಡು! ನಮ್ಮ ಮರಿಗಳ ಜೊತೆ ಇದನ್ನೂ ಬಿಡೋಣ. ಮನೆಗೆ ಹೋದ ಮೇಲೆ ನಾನೇ ಎಲ್ಲಾದ್ನೂ ನೋಡ್ಕೋತೀನಿ. ಹೂಂ ಅನ್ನು."

ಪಾಪಮ್ಮ ಹೂಂ ಅನ್ನಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ಹುಡುಗಿಯ ಎರಡೂ ತೋಳು ಹಿಡಿದು ಹಡಗಿನ ವಿಷಯ ಹೇಳಿದಳು. ಎರಡು ಮೂರು ಮಾತು, ಅಷ್ಟೇ. ಹುಡುಗಿ ಮೊದಲು "ಸುಳ್ಳು" ಎಂದಳು. ಆಮೇಲೆ ಕಿರುಚಿದಳು. ಒಳಗೆ ಯಾರೋ ನುಡಿಸುತ್ತಿದ್ದ ಪಿಯಾನೋ ನಿಂತಿತು. ಪಾಪಮ್ಮನ ಕುತ್ತಿಗೆಗೆ ಜೋತುಬಿದ್ದ ಮಗುವನ್ನು ಬಿಡಿಸಲು ದೊರೆಯೂ ಇನ್ನೊಬ್ಬ ಗಂಡಸೂ ಬೇಕಾಯಿತು.

ದೊರೆಸಾನಿ ನನ್ನನ್ನು ಕರೆಸಿದರು. ಮುಖ ಕೆಂಪಾಗಿತ್ತು. "ತಿಂಗಳ ಹಿಂದೆ ಹೇಳಿದಾಗ ಸುಮ್ಮನಿದ್ದಳು. ಈಗ ಬೇಕೆಂದೇ ಹಬ್ಬ ಕೆಡಿಸಿದಳು. ನಾಳೆ ಬೆಳಿಗ್ಗೆ ಅವಳನ್ನು ವಾಪಸ್ ಕಳಿಸಿ. ಬೇಬಿಯನ್ನು ಮತ್ತೆ ಅವಳು ನೋಡುವುದು ಬೇಡ."

ಮಗುವಿನ ಜೊತೆ ಪಾಪಮ್ಮನಿಗೆ ಉಳಿದಿದ್ದ ನಾಲ್ಕು ದಿನವೂ ಕೈತಪ್ಪಿತು. ಹೋಮ್ ಎಂಬ ಪದದ ವಿಷಯ ನನ್ನ ನಾಲಿಗೆಯ ಮೇಲಿತ್ತು. ಹೇಳಿದರೆ, ಗೊತ್ತಿದ್ದೂ ನೀವೇಕೆ ಸುಮ್ಮನಿದ್ದಿರಿ ಎಂದು ಕೇಳುತ್ತಿದ್ದರು. ಮತ್ತೆ "ಯೆಸ್ ಮೇಡಂ" ಎಂದೆ.

ಕ್ರಿಸ್‌ಮಸ್ ಬೆಳಿಗ್ಗೆ ಚರ್ಚಿನ ಗಂಟೆ ಹೊಡೆಯುವಾಗ ಪಾಪಮ್ಮ ಬಟ್ಟೆಗಂಟು ಹಿಡಿದು ಕಾರು ಹತ್ತಿದಳು. ಚಿಕ್ಕಯ್ಯ ಗಂಟನ್ನು ತೆಗೆದುಕೊಂಡು ಸೀಟಿನ ಮೇಲಿಟ್ಟ.

"ಯಾಕೆ ಹೇಳೋಕೆ ಹೋದೆ, ಪಾಪಮ್ಮ? ನಾಲ್ಕು ದಿನ ಜೊತೆಗಾದ್ರೂ ಇರ್ತಿದ್ದೆ" ಎಂದೆ.

"ಇನ್ನೊಂದ್ಸಲ ಹೂಂ ಅನ್ನೋಕೆ ಆಗ್ಲಿಲ್ಲ, ರೈಟ್ರೇ" ಎಂದಳು. ಅವಳ ಉಗುರಿನ ಸಂದಿಯಲ್ಲಿ ಬಣ್ಣ ಇನ್ನೂ ಹಾಗೇ ಇತ್ತು.

ಕಾರು ಹೋದ ಮೇಲೆ ಹಿಂದಿನ ಜಗಲಿಗೆ ಬಂದೆ. ಪೆಟ್ಟಿಗೆಯ ಎರಡನೆಯ ಸಾಲಿನಲ್ಲಿ ಒಂದು ಅಕ್ಷರ ಒರೆಸಿಹೋಗಿ ಬೆರಳಿನ ಗುರುತು ಒಣಗಿತ್ತು. ಅದನ್ನು ಸರಿಮಾಡಬೇಕೆಂದು ಕ್ಲಬ್ಬಿನ ಬಟ್ಲರನ ಕೈಲಿ ದೊರೆಸಾನಿ ಹೇಳಿಕಳಿಸಿದ್ದರು. ಚಾಕುವಿನಿಂದ ಕೆರೆದು ತೆಗೆದು ಮತ್ತೆ ಬರೆದೆ. ಅಕ್ಷರ ಮೊದಲಿಗಿಂತ ಚೆನ್ನಾಗಿ ಬಂತು.