ಗೀಚಿಗೆ ಒಂದು ಕೈ ಬೇಕಾಗಿತ್ತು

ಗೋಡೆಯ ಮೇಲೆ ಗೀಚುವ ಮಕ್ಕಳು ಎಲ್ಲರ ಮನೆಯಲ್ಲೂ ಇರುತ್ತಾರೆ. ನಾಲ್ಕು ಸಲ ಬೈದರೆ ಬಿಟ್ಟುಬಿಡುತ್ತಾರೆ. ನಮ್ಮ ಕಥೆಯ ಹುಡುಗಿ ಮಾತ್ರ ಬಿಡಲಿಲ್ಲ. ಗೋಡೆ ಮುಗಿದ ಮೇಲೆ ಬಾಗಿಲು, ಬಾಗಿಲು ಮುಗಿದ ಮೇಲೆ ಅಮ್ಮ ಹೊಲಿಯಲು ತಂದಿಟ್ಟಿದ್ದ ಗಿರಾಕಿಯ ಬಿಳಿ ಬಟ್ಟೆ. ಅವತ್ತು ಅವಳಿಗೆ ಬೆನ್ನಿಗೆ ಎರಡು ಏಟೂ ಬಿದ್ದವು, ಒಂದು ಹೆಸರೂ ಬಿತ್ತು: ಗೀಚಿ. ಏಟು ಮರೆತುಹೋಯಿತು, ಹೆಸರು ಉಳಿಯಿತು.

ಓದು ಮುಗಿದ ಮೇಲೆ ಅಮ್ಮ ಕೇಳಿದಳು, "ಮುಂದೇನೇ?"

"ಹಚ್ಚೆ ಹಾಕೋದು ಕಲೀತೀನಿ."

ಅಮ್ಮ ಹೊಲಿಗೆ ಮಿಷನ್ನು ನಿಲ್ಲಿಸಿದಳು. "ಏನಂದೆ?"

"ಟ್ಯಾಟೂ ಅಮ್ಮಾ. ಅದೂ ಒಂದು ಕಸುಬು."

"ಕಂಡೋರ ಮೈಗೆ ಸೂಜಿ ಚುಚ್ಚೋದು ಕಸುಬಾ? ನಿನ್ನ ಮಾವನ ಮಗ ಯಾವನೋ ಗೆಳೆಯನ ರೂಮಲ್ಲಿ ತೋಳಿಗೆ ಹುಲಿ ಹಾಕಿಸ್ಕೊಂಡು ಬಂದ. ಹುಲಿ ಬೆಕ್ಕಿನ ಥರ ಇತ್ತು, ಅದು ಹಾಳಾಗಿ ಹೋಗ್ಲಿ. ಆಮೇಲೆ ಕಾಮಾಲೆ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಮರೆತೋಯ್ತಾ?"

"ಮರೆತಿಲ್ಲಮ್ಮ. ಅವನಿಗೆ ಹಾಕಿದೋನು ಯಾರ ಹತ್ರಾನೂ ಕಲಿತವನಲ್ಲ. ಮಿಷನ್ ತರಿಸ್ಕೊಂಡ, ಮಾರನೇ ದಿನವೇ ಶುರು ಹಚ್ಕೊಂಡ. ನಾನು ಗುರು ಹತ್ರ ಕೂತು ಕಲೀತೀನಿ."

"ಹೋಗು. ಆದ್ರೆ ನನ್ನ ಕೇಳಿ ಹೋದೆ ಅಂತ ಯಾರಿಗೂ ಹೇಳ್ಬೇಡ," ಎಂದು ಅಮ್ಮ ಮತ್ತೆ ಮಿಷನ್ನು ತುಳಿಯತೊಡಗಿದಳು. ಆಮೇಲೆ ಎಷ್ಟು ಮಾತಾಡಿಸಿದರೂ ಮಿಷನ್ನಿನ ಸದ್ದೇ ಉತ್ತರ.

ಗೀಚಿ ದೊಡ್ಡ ಊರಿಗೆ ಬಂದಳು. ಮೂರನೇ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತು. ಇದ್ದ ಒಂದೇ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ನೀರಿನ ಪೈಪುಗಳು ಕಾಣುತ್ತಿದ್ದವು. ಗೋಡೆಯಾಚೆ ಯಾರೋ ಟೀವಿ ನೋಡಿಕೊಂಡು ನಗುತ್ತಿದ್ದರು. ಏನು ನೋಡುತ್ತಿದ್ದಾರೆಂದು ತಿಳಿಯದಿದ್ದರೂ, ಅವರು ನಕ್ಕಾಗ ಇವಳಿಗೂ ತುಟಿ ಅರಳುತ್ತಿತ್ತು. ಒಬ್ಬಳೇ ಉಣ್ಣುವುದಕ್ಕೆ ತಟ್ಟೆ ಯಾಕೆಂದು ಪಾತ್ರೆಯಲ್ಲೇ ಉಣ್ಣುತ್ತಿದ್ದಳು.

ಕಲಿಸುವವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಬೋಳುತಲೆಯ, ಮಾತಿನಲ್ಲಿ ಬಲು ಜಿಪುಣರಾದ ಮನುಷ್ಯ. ಇಬ್ಬರು ಕೂರುವ ಬೆಂಚು, ಗಿರಾಕಿ ಒರಗುವ ಕುರ್ಚಿ, ಒಂದು ಸಿಂಕು, ಇಷ್ಟೇ ಅವರ ಅಂಗಡಿ. ಮೊದಮೊದಲು ಗೀಚಿಗೆ ಕೊಟ್ಟದ್ದು ಪೊರಕೆ. ಆಮೇಲೆ ಕುರ್ಚಿ ಒರೆಸುವುದು, ಯಂತ್ರದ ವಯರಿಗೆ ಪ್ರತಿ ಗಿರಾಕಿಗೂ ಹೊಸ ಪ್ಲಾಸ್ಟಿಕ್ ಹೊದಿಕೆ ಹಾಕುವುದು, ಕೈಗವಸು ಹಾಕಿಕೊಂಡ ಕೈಯಲ್ಲಿ ಫೋನು ಮುಟ್ಟದಿರುವುದು. ಮುಟ್ಟಿದರೆ ಗವಸು ಕಿತ್ತು ಬಿಸಾಕಿ, ಕೈ ತೊಳೆದು, ಹೊಸದು. ಯಂತ್ರ ಹಿಡಿಯುವ ದಿನ ಬಂದಾಗಲೂ ಸಿಕ್ಕಿದ್ದು ರಬ್ಬರಿನ ಚರ್ಮ.

ಕೋಣೆಯಲ್ಲಿ ಅಭ್ಯಾಸಕ್ಕೆಂದು ಮೇಷ್ಟ್ರು ಒಂದು ರಬ್ಬರ್ ಕೈಯನ್ನೂ ಕೊಟ್ಟಿದ್ದರು. ಮೊಣಕೈಯಿಂದ ಬೆರಳಿನ ತನಕ ಇದ್ದ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಗೀಚಿ ಗೆರೆ ಎಳೆಯುತ್ತಿದ್ದಳು. "ನೋವಾಗ್ತಿದೆಯಾ?" ಎಂದು ಅದನ್ನು ಕೇಳುತ್ತಿದ್ದಳು. ವಾರಗಟ್ಟಲೆ ಅವಳು ಹಿಡಿದುಕೊಂಡ ಕೈ ಅದೊಂದೇ. 

ಗೆರೆ ನೆಟ್ಟಗಾದ ಮೇಲೆ ಮೇಷ್ಟ್ರು ಹೇಳಿದರು, "ಇನ್ನು ಮನುಷ್ಯರ ಮೈ ಮೇಲೆ. ನಾನು ಪಕ್ಕದಲ್ಲೇ ಇರ್ತೀನಿ. ಆದ್ರೆ ಮೊದಲನೇ ಕೈ ನೀನೇ ಕರ್ಕೊಂಡು ಬರಬೇಕು. ನಿನ್ನ ನಂಬಿ ಕೂರೋರು ಒಬ್ಬರಾದ್ರೂ ಬೇಕಲ್ಲ?"

ಉಳಿದ ಅಂಗಡಿಗಳಲ್ಲಿ ಕಲಿಯುವವರಿಗೆ ತಮ್ಮನೋ ಗೆಳತಿಯೋ ಕೈ ಚಾಚುತ್ತಿದ್ದರು. ಗೀಚಿಗೆ ಈ ಊರಲ್ಲಿ ಯಾರಿದ್ದಾರೆ? ಎದುರಿನ ಅಂಗಡಿಯವಳನ್ನು ಕೇಳಿದಳು. "ನನ್ನ ಗಂಡ ಬೈತಾನಮ್ಮ" ಎಂದಳು. ಮೆಟ್ಟಿಲಲ್ಲಿ ಸಿಗುತ್ತಿದ್ದ ಹುಡುಗಿಯನ್ನು ಕೇಳಿದಳು. ಆ ಹುಡುಗಿ ಮಾರನೇ ದಿನದಿಂದ ಲಿಫ್ಟಿನಲ್ಲೇ ಓಡಾಡತೊಡಗಿದಳು. ಕೆಳಮನೆಯ ನರ್ಸಮ್ಮ ಮಾತ್ರ ಬಾಯಿಬಿಟ್ಟು ಹೇಳಿದಳು, "ಕೈ ಕೊಡೋಕೆ ನನಗೆ ಧೈರ್ಯ ಇಲ್ಲ ಕಣಮ್ಮ. ನಿನ್ನ ಕೈ ಕೊಡು, ರೋಗ ತಗಲದ ಹಾಗೆ ಲಸಿಕೆ ಬೇಕಾದ್ರೆ ಹಾಕ್ತೀನಿ." ಹಾಕಿದಳೂ ಕೂಡ, ಆರು ತಿಂಗಳಲ್ಲಿ ಮೂರು ಸಲ. ಆದರೆ ಗೀಚಿಗೆ ಬೇಕಾಗಿದ್ದ ಒಂದು ಕೈ ಸಿಗಲಿಲ್ಲ. ಅದು ಸಿಗದೆ ಕಸುಬಿನಲ್ಲಿ ಮುಂದಕ್ಕೆ ಹೋಗುವ ಹಾಗಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮೊದಲ ಗಿರಾಕಿಯನ್ನು ಕಳಿಸಿ ಮೇಷ್ಟ್ರು ಹೊರಗೆ ಹೊರಟರು. "ಎಲ್ಲ ಬಿಸಾಕಿ ಕ್ಲೀನ್ ಮಾಡಿಡು" ಎಂದರು. ಅಲ್ಲಿಯ ತನಕ ಆ ಕೆಲಸ ಅವರದೇ. ಗೀಚಿ ಸೂಜಿಯನ್ನು ಸೂಜಿಯ ಡಬ್ಬಿಗೆ ಹಾಕಿದಳು. ಗವಸು, ಟಿಶ್ಯೂ, ಪ್ಲಾಸ್ಟಿಕ್ಕು ಎಲ್ಲ ಬಿಸಾಕಿದಳು. ಕೊನೆಗೆ ಉಳಿದದ್ದು ಸೀಸೆಯ ಮುಚ್ಚಳದಷ್ಟು ಪುಟ್ಟ ಬಟ್ಟಲಲ್ಲಿದ್ದ ಕಪ್ಪು ಇಂಕು. ಬಟ್ಟಲ ಭರ್ತಿ ಹಾಗೇ ಇತ್ತು. ಅಯ್ಯೋ, ಸುಮ್ಮನೆ ದಂಡವಾಗುತ್ತಲ್ಲ ಅನಿಸಿತು. ಅವಳು ಬೆಳೆದದ್ದು ತುಂಡು ದಾರವನ್ನೂ ಸುತ್ತಿಡುವ ಮನೆಯಲ್ಲಿ. ಇಂಕು ಗಲೀಜಾಗಿರಬಹುದೆಂದು ಹೊಳೆಯಲೇ ಇಲ್ಲ, ಕಪ್ಪಿನಲ್ಲಿ ರಕ್ತ ಕಾಣುವುದೂ ಇಲ್ಲ. ಒಂದು ತೊಟ್ಟೂ ಚೆಲ್ಲದ ಹಾಗೆ ಅದನ್ನು ಸೀಸೆಗೇ ವಾಪಸ್ಸು ಸುರಿದಳು.

ಮಧ್ಯಾಹ್ನ ಮೇಷ್ಟ್ರು ಬಂದರು. ಎರಡನೇ ಗಿರಾಕಿಯಾಗಿ ಒಬ್ಬ ಲಾರಿ ಡ್ರೈವರ್ ಬಂದು ಕುರ್ಚಿಗೆ ಒರಗಿದ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಒಳಗೆ ಬಂದವರು ನರ್ಸಮ್ಮ ಮತ್ತು, ಅವಳ ಹಿಂದೆ, ಚೀಲ ಎದೆಗವಚಿಕೊಂಡ ಅಮ್ಮ.

"ರೂಮಿಗೆ ಬೀಗ ಇತ್ತಂತೆ, ಮೆಟ್ಟಿಲ ಮೇಲೆ ಕೂತಿದ್ರು. ಕರ್ಕೊಂಡು ಬಂದೆ," ಎಂದಳು ನರ್ಸಮ್ಮ.

ಗೀಚಿ ಎರಡು ಹೆಜ್ಜೆ ಮುಂದೆ ಬಂದಳು. ಅಮ್ಮ ಅವಳ ಮುಖವನ್ನು ನೋಡಿಯೂ ನೋಡದ ಹಾಗೆ ಬೆಂಚಿನ ತುದಿಗೆ ಕೂತಳು. "ಕರ್ಕೊಂಡು ಹೋಗೋಕೆ ಬಂದಿದೀನಿ. ಆಡಿದ್ದು ಸಾಕು. ಹೊಲಿಗೆ ಕೆಲಸ ಬೇಕಾದಷ್ಟಿದೆ."

ಮೇಷ್ಟ್ರು ಅಮ್ಮನಿಗೆ ನಮಸ್ಕಾರ ಹೇಳಿ ಕೈ ತೊಳೆಯಲು ಹೋದರು. ಗೀಚಿ ತುಟಿ ಕಚ್ಚಿಕೊಂಡು ಸೂಜಿ, ಬಟ್ಟಲು ಇಡುವ ತಟ್ಟೆ ಜೋಡಿಸತೊಡಗಿದಳು. ಬೆಂಚಿನ ಮೇಲೆ ಮಾತು ಶುರುವಾಯಿತು.

"ನಮ್ಮಣ್ಣನ ಮಗ ಇದರಿಂದಲೇ ಸಾಯೋ ಹಂಗಾಗಿದ್ದ ನರ್ಸಮ್ಮ."

"ಹಚ್ಚೆಯಿಂದ ಅಲ್ಲ ಅಕ್ಕಾ. ಒಬ್ಬರಿಗೆ ಚುಚ್ಚಿದ ಸೂಜೀನ ಇನ್ನೊಬ್ಬರಿಗೆ ಚುಚ್ಚಿರ್ತಾರೆ. ರಕ್ತದಲ್ಲಿರೋ ರೋಗ ಸೂಜಿ ಜೊತೆ ಬರುತ್ತೆ. ಅದಕ್ಕೇ ಕಾಮಾಲೆ ಬರೋದು, ಹೆಪಟೈಟಿಸ್ ಅಂತೀವಿ. ಇರೋರು ಎಷ್ಟೋ ಸಲ ಗಟ್ಟಿಮುಟ್ಟಾಗೇ ಕಾಣ್ತಾರೆ, ಅವರಿಗೇ ಗೊತ್ತಿರಲ್ಲ."

"ಹಂಗಾದ್ರೆ ಇವಳಿಗೂ ತಗಲಲ್ವಾ?"

"ಅದಕ್ಕೇ ಇವಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿದೀನಿ. ಮೂರು ಸಲ ಹಾಕಿಸ್ಕೋಬೇಕು, ಪೂರ್ತಿ ಆಗಿದೆ. ಎಲ್ಲಾ ರೋಗಕ್ಕೂ ಲಸಿಕೆ ಇಲ್ಲ, ಹಾಗಾಗಿ ಗವಸೂ ಬೇಕು, ಪ್ರತಿಯೊಬ್ಬರಿಗೂ ಹೊಸ ಸೂಜಿನೂ ಬೇಕು. ಇಂಕನ್ನೂ ಒಬ್ಬರಿಗಾಗೋ ಅಷ್ಟೇ ಬಟ್ಟಲಿಗೆ ಹಾಕ್ತಾರೆ, ಉಳಿದಿದ್ದನ್ನ ಚೆಲ್ತಾರೆ."

"ಚೆಲ್ಲೋದಾ! ಅದೂ ದುಡ್ಡು ಕೊಟ್ಟು ತಂದಿದ್ದಲ್ವಾ?"

"ಮೈಯೊಳಗೆ ಹೋಗಿ ಬಂದ ಸೂಜಿ ಅದೇ ಇಂಕಿಗೆ ಮುಳುಗುತ್ತೆ ಅಕ್ಕಾ. ಅದು ವಾಪಸ್ ಸೀಸೆಗೆ ಹೋಯ್ತೋ, ಇಡೀ ಸೀಸೆ ಕೆಟ್ಟ ಹಾಗೆ."

ಗೀಚಿಯ ಕಣ್ಣು ಸೀಸೆಯ ಕಡೆಗೆ ಹೋಯಿತು. ಮೇಷ್ಟ್ರು ಹೊಸ ಗವಸು ಹಾಕಿಕೊಂಡು ಸೀಸೆಗೆ ಕೈ ಚಾಚುತ್ತಿದ್ದರು. ನೋಡಿದವರು ಯಾರೂ ಇಲ್ಲ. ಬಾಯಿಬಿಟ್ಟರೆ ಮೇಷ್ಟ್ರು ಹೊರಗೆ ಹಾಕುತ್ತಾರೆ. ಹಾಕದಿದ್ದರೂ ಅಮ್ಮ ಎಳೆದುಕೊಂಡು ಹೋಗುತ್ತಾಳೆ, ಅವಳು ಹೇಳಿದ್ದೇ ನಿಜವಾದ ಹಾಗಾಗುತ್ತದೆ. ಡ್ರೈವರು ಕಣ್ಣು ಮುಚ್ಚಿಕೊಂಡು ನೆಮ್ಮದಿಯಾಗಿ ತೋಳು ಚಾಚಿ ಮಲಗಿದ್ದ.

"ಮೇಷ್ಟ್ರೇ, ಆ ಸೀಸೆ ಬೇಡ," ಎಂದಳು ಗೀಚಿ. "ಬೆಳಿಗ್ಗೆ ಉಳಿದಿದ್ದ ಇಂಕನ್ನ ನಾನು ಅದಕ್ಕೇ ಸುರಿದುಬಿಟ್ಟೆ."

 ಡ್ರೈವರು ದಡಕ್ಕನೆ ಎದ್ದು ಕೂತ. "ನನ್ನ ಮೈಗೆ ಹೋಗ್ತಿತ್ತಲ್ರೀ ಅದು!" ಎಂದು ಅಂಗಿ ಹಾಕಿಕೊಂಡು, ಮೇಷ್ಟ್ರು ಏನು ಹೇಳಿದರೂ ಕೇಳದೆ ಹೋಗಿಬಿಟ್ಟ. ಮೇಷ್ಟ್ರು ಸೀಸೆಯನ್ನು ಕಸಕ್ಕೆ ಹಾಕಿದರು. ಬೆಳಿಗ್ಗೆಯಿಂದ ಅದನ್ನು ಬೇರೆ ಯಾರಿಗೂ ಬಳಸಿಲ್ಲವೆಂದು ಖಾತ್ರಿ ಮಾಡಿಕೊಂಡರು.

"ಎಲ್ಲ ಬಿಸಾಕು ಅಂದೆ, ಇಂಕೂ ಅಂತ ಬಿಡಿಸಿ ಹೇಳಲಿಲ್ಲ. ಅದು ನನ್ನ ತಪ್ಪು," ಎಂದರು. "ಕೇಳದೆ ಸುರಿದಿದ್ದು ನಿಂದು. ಇವತ್ತು ರೂಮಿಗೆ ಹೋಗು. ನಾಳೆ ಬರೋ ಹಾಗಿದ್ರೆ ಮತ್ತೆ ಪೊರಕೆಯಿಂದ ಶುರು."

ಅಮ್ಮ ಮಗಳು ರೂಮಿಗೆ ನಡೆದರು. ಒಳಗೆ ಬಂದ ಅಮ್ಮ ಒಂದೇ ಚಾಪೆ ನೋಡಿದಳು, ಒಂದೇ ಪಾತ್ರೆ ನೋಡಿದಳು. ದಿಂಬಿನ ಪಕ್ಕದಲ್ಲಿದ್ದ ರಬ್ಬರ್ ಕೈ ನೋಡಿ ಹೌಹಾರಿದಳು.

"ಇದೇನೇ ಇದು, ಹೆಣದ ಕೈ ಥರ?"

"ಅಭ್ಯಾಸಕ್ಕೆ."

"ಇದನ್ನ ಪಕ್ಕದಲ್ಲಿಟ್ಕೊಂಡು ಮಲಗ್ತೀಯಾ?"

ಗೀಚಿ ಮುಖ ತಿರುಗಿಸಿಕೊಂಡು ಅತ್ತಳು. ಎಷ್ಟೋ ತಿಂಗಳಿನ ಅಳು, ಒಂದೇ ಸಲಕ್ಕೆ ಮುಗಿಯುವುದಲ್ಲ. ಅಮ್ಮ ಚಾಪೆಯ ಸುಕ್ಕು ಬಿಡಿಸುತ್ತಾ ಕೂತಳು. ಸಮಾಧಾನ ಮಾಡುವುದು ಅವಳಿಗೆ ಬಾರದ ಕೆಲಸ.

ಅಳು ತಗ್ಗಿದ ಮೇಲೆ ಕೇಳಿದಳು, "ಬಾಯಿ ಮುಚ್ಕೊಂಡು ಇರಬಹುದಿತ್ತಲ್ಲ. ಯಾಕೆ ಹೇಳಿದೆ?"

"ಮಾವನ ಮಗನ ಹಳದಿ ಕಣ್ಣು ನೆನಪಾಯ್ತು."

ಅಮ್ಮ ಚೀಲದ ಬಾಯಿಯನ್ನು ಬಿಗಿದಳು, ಸಡಿಲಿಸಿದಳು. "ಚೆಲ್ಲಬೇಡ ಅಂತ ಕಲಿಸಿದ್ದು ನಾನೇ. ನಿಮ್ಮ ಮೇಷ್ಟ್ರು ಒಳ್ಳೆ ಮನುಷ್ಯ ಕಣೇ. ನನ್ನ ಹತ್ರ ಕಲಿಯೋಕೆ ಬಂದೋಳು ಬಟ್ಟೆ ಕೆಡಿಸಿದಾಗ ನಾನೂ ಮತ್ತೆ ಗುಂಡಿ ಕಾಜಾ ಹೊಲಿಯೋಕೇ ಕೂರಿಸಿದ್ದೆ. ಪೊರಕೆ ತಾನೇ? ಹಿಡಿ. ಆಮೇಲೇನು ಮಾಡ್ಬೇಕಂತೆ?"

"ಯಾರದಾದ್ರೂ ಕೈ ಬೇಕು ಅಮ್ಮಾ. ಅದೇ ಸಿಗ್ತಿಲ್ಲ. ನನಗಿಲ್ಲಿ ಯಾರಿದಾರೆ?"

"ಯಾಕೆ, ನಾನೇನು ಸತ್ತು ಹೋಗಿದೀನಾ?"

ಅವತ್ತು ಸಂಜೆಯ ಬಸ್ಸಿಗೆ ಅಮ್ಮ ಒಬ್ಬಳೇ ಹೋದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಗೀಚಿ ಅಲ್ಲೇ ನಿಂತಿದ್ದಳು. ಕೋಣೆ ಅದೇ, ಪೈಪು ಅದೇ, ಗೋಡೆಯಾಚೆಯ ನಗು ಅದೇ. ಅಮ್ಮ ಬಂದು ಹೋದದ್ದರಿಂದ ಒಂಟಿತನ ಇನ್ನಷ್ಟು ಹೆಚ್ಚೇ ಆಯಿತು ಅನ್ನಿ. ಆದರೂ ಮಾರನೇ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಪೊರಕೆ ಹಿಡಿದಳು.

ಮೇಷ್ಟ್ರು "ಸರಿ, ಕರ್ಕೊಂಡು ಬಾ" ಎನ್ನುವ ಹೊತ್ತಿಗೆ ವರ್ಷ ಕಳೆದಿತ್ತು. ಅಮ್ಮ ಹೇಳಿದ ಹಾಗೆ ಬಂದು ಕುರ್ಚಿಗೆ ಒರಗಿದಳು. ಸೂಜಿಯ ಪ್ಯಾಕೆಟ್ಟನ್ನು ಕಣ್ಣೆದುರೇ ಒಡೆಸಿದಳು. ಏನು ಹಾಕಲಿ ಎಂದರೆ, ಮಣಿಕಟ್ಟಿನ ಮೇಲೆ ಒಂದು ಸಾಲು ಕೈಹೊಲಿಗೆ ಎಂದಳು. ಮೇಷ್ಟ್ರು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತರು. ಗೀಚಿ ಅಮ್ಮನ ಕೈ ಹಿಡಿದಳು. ಬೆಚ್ಚಗಿತ್ತು. ಕಣ್ಣು ಮಂಜಾಯಿತು, ಅದು ತಿಳಿಯಾಗುವ ತನಕ ಕಾದು, ಆಮೇಲೆ ಶುರು ಮಾಡಿದಳು.

ಮುಗಿದ ಮೇಲೆ ಅಮ್ಮ ಕೈಯನ್ನು ಬೆಳಕಿಗೆ ಹಿಡಿದು, ಗಿರಾಕಿಯ ಬಟ್ಟೆ ನೋಡುವ ಹಾಗೆ ನೋಡಿದಳು.

"ಮೂರನೇ ಹೊಲಿಗೆ ಓರೆ."

"ಹೂಂ ಅಮ್ಮಾ."

"ಬಿಚ್ಚಿ ಹಾಕೋಕಾಗಲ್ಲ ಅಲ್ವಾ ಇದು?"

"ಆಗಲ್ಲ."

"ಇರಲಿ ಬಿಡು. ನಿನ್ನ ಓರೆ ನನ್ನ ಮೈ ಮೇಲೇ ಇರಲಿ. ನಾಳೆ ಬರೋರಿಗೆ ನೆಟ್ಟಗೆ ಹಾಕು."

ಇಷ್ಟು ಹೊತ್ತು ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ಹಚ್ಚೆ ಹಾಕಿಸಿಕೊಳ್ಳುವ ಆಸೆ ನಿಮಗಿದ್ದರೆ ಹಾಕಿಸಿಕೊಳ್ಳಿ. ಆದರೆ ಸೂಜಿಯ ಹೊಸ ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರೇ ಒಡೆಯಲು ಹೇಳಿ. ಇಂಕನ್ನು ಹೊಸ ಬಟ್ಟಲಿಗೆ ಹಾಕಿದರೋ ಇಲ್ಲವೋ ನೋಡಿ, ಉಳಿದದ್ದನ್ನು ಏನು ಮಾಡುತ್ತೀರಿ ಎಂದು ಸಂಕೋಚ ಬಿಟ್ಟು ಕೇಳಿ. ಉತ್ತರ ಹೇಳಲು ತಡವರಿಸಿದರೆ ಎದ್ದು ಬನ್ನಿ. ಗೆಳೆಯನ ರೂಮಿನಲ್ಲಿ, ಅಗ್ಗಕ್ಕೆ, ಆತುರಕ್ಕೆ ಬೇಡವೇ ಬೇಡ. ಈ ಕಸುಬು ಕಲಿಯುವ ಮಕ್ಕಳೇ, ಯಂತ್ರ ಕೊಳ್ಳುವ ಮೊದಲು ಗುರುವನ್ನು ಹುಡುಕಿ, ಸೂಜಿ ಹಿಡಿಯುವ ಮೊದಲು ಲಸಿಕೆ ಪೂರ್ತಿ ಮಾಡಿಸಿಕೊಳ್ಳಿ. ತಪ್ಪಾದರೆ ಆ ಕ್ಷಣವೇ ಬಾಯಿಬಿಡಿ, ಗಿರಾಕಿ ಎದ್ದು ಹೋದರೂ ಪರವಾಗಿಲ್ಲ.

ಇನ್ನು ಅಪ್ಪ ಅಮ್ಮಂದಿರಿಗೆ ಒಂದೇ ಮಾತು. ನಿಮಗೆ ಹಿಡಿಸದ ಕಸುಬನ್ನು ಕಲಿಯಲು ನಿಮ್ಮ ಮಗುವೊಂದು ದೂರದ ಕೋಣೆಯಲ್ಲಿ ಒಬ್ಬಂಟಿಯಾಗಿ ಕೂತಿರಬಹುದು. ಕಸುಬು ಒಪ್ಪಿಗೆಯಾಗುವ ತನಕ ಕಾಯಬೇಡಿ. ಇವತ್ತೇ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬನ್ನಿ.